ಬಾಕಿ ಕೂಡಿಬೀಳುತ್ತದೆ, ಬಡ್ಡಿ ಬೆಳೆಯುತ್ತದೆ

ಮೈಸೂರು

ಪ್ರೀತಿಯ ತಂಗಿಗೆ,

ಮಂಡ್ಯದ ಕಬ್ಬು ಬೆಳೆಗಾರರಿಗೆ ಕಾರ್ಖಾನೆಗಳು ಕೊಡಬೇಕಾದ ಬಾಕಿ ಬಗ್ಗೆ ನೀನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದದ್ದನ್ನು ಓದಿದೆ. ಊರೂರು ಸುತ್ತಿ ಬರೆದಿದ್ದೀಯ, ಪ್ರತಿ ಸಾಲಿನಲ್ಲೂ ಅದು ಕಾಣುತ್ತದೆ. ಇಂಗ್ಲಿಷಿನಲ್ಲಿ ಬಡ್ಡಿಯ ವಿಷಯ ಬಂದಾಗ ಮಾತ್ರ ‘ಅಕ್ಯುಮುಲೇಟ್’ (accumulate) ಅಂದಿದ್ದೀಯ. ಅಲ್ಲಿ ಬೇಕಾದದ್ದು ‘ಅಕ್ರೂ’ (accrue). ಎರಡೂ ಕೂಡುವ ಮಾತೇ ಅಲ್ವಾ ಅನ್ನಬೇಡ. ಇದರಲ್ಲಿ ರೈತನ ಹಕ್ಕು ಇದೆ.

ಅಕ್ಯುಮುಲೇಟ್ ಪದದ ಬೇರು ಲ್ಯಾಟಿನ್‌ನ ‘ಕ್ಯುಮುಲಸ್’, ಅಂದರೆ ರಾಶಿ. ಒಂದರ ಮೇಲೊಂದು ಬಿದ್ದು ಗುಡ್ಡೆಯಾಗುವುದು. ಕಟ್ಟೆಯಲ್ಲಿ ಹೂಳು ತಾನಾಗಿ ಕೂಡುತ್ತದೆ, ಆಸ್ತಿಯನ್ನು ಯಾರೋ ಕೂಡಿಹಾಕುತ್ತಾರೆ. ಎರಡಕ್ಕೂ ಈ ಪದ ನಡೆಯುತ್ತದೆ. ಅಕ್ರೂ ಹಾಗಲ್ಲ. ಅದು ‘ಬೆಳೆಯುವುದು’ ಎಂಬ ಅರ್ಥದ ಲ್ಯಾಟಿನ್ ಪದದಿಂದ ಫ್ರೆಂಚ್ ಹಾದು ಬಂದದ್ದು. ಅಸಲು ಇದೆ, ದಿನ ಕಳೆಯುತ್ತದೆ, ಬಡ್ಡಿ ಹುಟ್ಟುತ್ತದೆ, ಅದು ಒಬ್ಬರಿಗೆ ಸಲ್ಲಬೇಕಾದ್ದು. ಕೈಗೆ ಬಂದಿರಲಿ, ಬಿಡಲಿ.

ನಿನ್ನ ವಿಷಯವನ್ನೇ ತಗೋ. 1966ರ ಕಬ್ಬು ನಿಯಂತ್ರಣ ಆದೇಶದಂತೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ದುಡ್ಡು ಕೊಡಬೇಕು. ತಪ್ಪಿದರೆ ಆಮೇಲಿನ ದಿನಗಳಿಗೆ ವರ್ಷಕ್ಕೆ ಶೇ 15ರಂತೆ ಬಡ್ಡಿ. 1 ಲಕ್ಷ ಬಾಕಿಗೆ ದಿನಕ್ಕೆ ಸುಮಾರು 41 ರೂಪಾಯಿ ಆಯಿತು. ರೈತ ಮನೆಯಲ್ಲಿ ಸುಮ್ನೆ ಕೂತಿದ್ದರೂ ಈ ಲೆಕ್ಕ ನಿಲ್ಲುವುದಿಲ್ಲ. ಅಂಥ ಕಡೆ ‘ರೈತರು ಬಡ್ಡಿ ಅಕ್ಯುಮುಲೇಟ್ ಮಾಡಿದ್ದಾರೆ’ ಅಂದರೆ ಅವರೇ ದುಡ್ಡು ಗುಡ್ಡೆ ಹಾಕಿಕೊಂಡ ಹಾಗೆ ಕೇಳುತ್ತದೆ. ಇನ್ನೂ ಒಂದು ಕಾಸೂ ಸಿಗದವರ ಬಗ್ಗೆ ಇದು ಅನ್ಯಾಯದ ಮಾತು. ‘ಅಕ್ರೂ’ ಅಂದರೆ ಕೊಡಬೇಕಾದವರ ಕಡೆ ಬೆರಳು ತಿರುಗುತ್ತದೆ.

ಬಾಕಿಗಾದರೆ ಅಕ್ಯುಮುಲೇಟ್ ಸರಿ. ಹೋದ ಹಂಗಾಮಿನದರ ಮೇಲೆ ಈ ಹಂಗಾಮಿನದು ಬಿದ್ದು ಅದು ರಾಶಿಯೇ ಆಗಿರುತ್ತದೆ.

ಕನ್ನಡದಲ್ಲಿ ನೀನು ಎರಡಕ್ಕೂ ‘ಸಂಗ್ರಹ’ ಹಾಕಿದ್ದೀಯ. ಅದು ಬೇಡ. ನಿಮ್ಮೂರ ಜಗಲಿ ಮೇಲೆ ಕೂತವರನ್ನು ಕೇಳು. ‘ಬಾಕಿ ಕೂಡಿಬಿದ್ದದೆ, ಬಡ್ಡಿ ಬೆಳೀತಾ ಅದೆ’ ಅಂತಾರೆ. ಲ್ಯಾಟಿನ್ ಓದದೆಯೇ ರಾಶಿಯಾಗುವುದನ್ನೂ ಬೆಳೆಯುವುದನ್ನೂ ಬೇರೆ ಮಾಡಿ ಇಟ್ಟಿದ್ದಾರೆ. ಆ ಮಾತನ್ನೇ ಬರೆ.

ಇನ್ನೊಂದು. 14 ದಿನದ ನಿಯಮ ಈಗ ಕೊನೆಯ ಪ್ಯಾರಾದಲ್ಲಿದೆ. ಅದನ್ನು ಮೊದಲಿಗೇ ತಾ. ಒಬ್ಬ ರೈತನ ಬಿಲ್ ಹಿಡಿದು, ಗಡುವು ಮುಗಿದ ತಾರೀಕಿನಿಂದ ಬಡ್ಡಿ ಎಷ್ಟಾಯಿತು ಅಂತ ಲೆಕ್ಕ ಹಾಕಿ ತೋರಿಸು. ತಿದ್ದಿದ ಮೇಲೆ ಕಳಿಸು, ಓದುತ್ತೇನೆ.

ನಿನ್ನ ಅಣ್ಣ