ಕುದುರೆಗಳ ದಾರಿ ಮುಚ್ಚಬೇಡಿ: ಬಂಡೆ ಹತ್ತುವವಳ ಬಹಿರಂಗ ಪತ್ರ

ಸಾರ್ವಜನಿಕ ಭೂಮಿಯ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳಿಗೆ,

ನಮಸ್ಕಾರ.

ಬಂಡೆಯ ಬುಡದಲ್ಲಿ ಹಾದುಹೋಗುವ ದಾರಿಯಲ್ಲಿ ಇನ್ನು ಮುಂದೆ ಕುದುರೆಗಳನ್ನು ಬಿಡಬಾರದು ಅಂತ ಆದೇಶ ಹೊರಡಿಸುವ ಯೋಚನೆ ನಡೆದಿದೆ ಎಂದು ಗೊತ್ತಾಯಿತು. ನಾನು ಬಂಡೆ ಹತ್ತುವವಳು. ಕುದುರೆ ಸವಾರಿ ನನಗೆ ಬರುವುದಿಲ್ಲ. ಆ ಆದೇಶ ಬಂದರೆ ಮೇಲ್ನೋಟಕ್ಕೆ ಲಾಭ ನಮ್ಮಂಥವರಿಗೇ. ಆದರೂ ದಯವಿಟ್ಟು ಅದನ್ನು ಕೈಬಿಡಿ ಅಂತ ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ನಿಮಗೆ ಬಂದಿರುವ ದೂರುಗಳು ಸುಳ್ಳಲ್ಲ. ಆ ದಾರಿಯಲ್ಲಿ ಕುದುರೆಗಳು ಬೆದರುತ್ತವೆ. ಬೆದರಿದ ಕುದುರೆಯ ಮೇಲಿಂದ ಬಿದ್ದರೆ ಪೆಟ್ಟು ಸಣ್ಣದಾಗಿರುವುದಿಲ್ಲ. ಆದರೆ ಇಡೀ ದಾರಿಯುದ್ದಕ್ಕೂ ಹೀಗಾಗುತ್ತಿಲ್ಲ. ತಕರಾರು ಹುಟ್ಟುವುದು ಎರಡೇ ಕಡೆ. ಒಂದು, ಗಾಡಿ ನಿಲ್ಲಿಸುವ ಜಾಗ. ಇನ್ನೊಂದು, ದಾರಿ ಕಿರಿದಾಗಿ ಬಂಡೆಗೆ ಅಂಟಿಕೊಂಡು ಹೋಗುವ ಆ ಸಣ್ಣ ತುಂಡು. ಈ ಎರಡನ್ನು ಸರಿಮಾಡಿದರೆ ಯಾರನ್ನೂ ಹೊರಗಿಡುವ ಅಗತ್ಯ ಬೀಳುವುದಿಲ್ಲ.

ಮೊದಲು ಬಂಡೆಯ ಬುಡದ ವಿಷಯ. ಕುದುರೆಗೆ ಕಣ್ಣು ತಲೆಯ ಎರಡು ಪಕ್ಕದಲ್ಲಿವೆ. ಸುಮಾರು 350 ಡಿಗ್ರಿಯಷ್ಟು ಅದಕ್ಕೆ ಕಾಣುತ್ತದೆ. ಕಾಣದೇ ಇರುವುದು ಮೂಗಿನ ಮುಂದಿನ ಸ್ವಲ್ಪ ಜಾಗ, ಮತ್ತೆ ನೇರ ಬೆನ್ನ ಹಿಂದೆ. ಇದು ಬೇಟೆಗೆ ಸಿಗದೆ ಓಡಿ ಬದುಕಿದ ಪ್ರಾಣಿ. ಅನುಮಾನ ಬಂದರೆ ಮೊದಲು ಓಡುತ್ತದೆ, ಆಮೇಲೆ ತಿರುಗಿ ನೋಡುತ್ತದೆ. ಇನ್ನು ನಮ್ಮನ್ನು ನೋಡಿ. ಹಗ್ಗ ಇಲ್ಲದೆ ಸಣ್ಣ ಬಂಡೆಗಳನ್ನು ಹತ್ತುವವರು ಬಿದ್ದರೆ ಇರಲಿ ಅಂತ ಕ್ರ್ಯಾಶ್ ಪ್ಯಾಡ್ ಹೊತ್ತು ಬರುತ್ತಾರೆ. ಹಾಸಿಗೆಯಷ್ಟು ದಪ್ಪ, ಮಡಚಿದರೂ ಬೆನ್ನಗಲಕ್ಕಿಂತ ಜಾಸ್ತಿ. ಹಿಂದಿನಿಂದ ನೋಡಿದರೆ ಮನುಷ್ಯನೇ ಕಾಣುವುದಿಲ್ಲ. ಒಂದು ಚೌಕ, ಅದರ ಕೆಳಗೆ ಎರಡು ಕಾಲು. ಹಗ್ಗ ಕಟ್ಟಿ ಹತ್ತುವವರ ಸೊಂಟದಲ್ಲಿ ಕ್ಯಾರಬೈನರ್‌ ಅನ್ನುವ ಲೋಹದ ಕೊಂಡಿಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತವೆ. ಇಂಥದ್ದೊಂದು ಪೊದೆಯ ಮರೆಯಿಂದ ಇದ್ದಕ್ಕಿದ್ದಂತೆ ಎದ್ದು ನಿಂತರೆ ಕುದುರೆ ಏನು ಮಾಡಬೇಕು ಹೇಳಿ?

ಇದಕ್ಕೆ ಮದ್ದು ಸುಲಭ. ಬಾಯಿ ಬಿಟ್ಟು ಮಾತಾಡಿಸಿದರೆ ಸಾಕು. "ನಮಸ್ಕಾರ, ಇಲ್ಲಿದ್ದೀನಿ, ಯಾವ ಕಡೆ ನಿಲ್ಲಲಿ?" ಅಂತ ಸವಾರರನ್ನು ಕೇಳಿದ ಕೂಡಲೇ ಆ ವಿಚಿತ್ರ ಆಕಾರ ಮನುಷ್ಯ ಅಂತ ಕುದುರೆಗೂ ತಿಳಿಯುತ್ತದೆ. ಅದರ ಕಿವಿ ನಮ್ಮ ಕಡೆ ತಿರುಗುವುದು, ಬಿಗಿದ ಕುತ್ತಿಗೆ ಸಡಿಲವಾಗುವುದು ಕಣ್ಣಿಗೇ ಕಾಣುತ್ತದೆ. ದಾರಿ ಬಿಡುವಾಗ ಸಾಮಾನ್ಯವಾಗಿ ಇಳಿಜಾರಿನ ಕಡೆ ನಿಲ್ಲಬೇಕು. ತನಗಿಂತ ಎತ್ತರದಲ್ಲಿ ನಿಂತದ್ದನ್ನು ಕಂಡರೆ ಕುದುರೆಗೆ ಹೆದರಿಕೆ ಜಾಸ್ತಿ. ನಮ್ಮಲ್ಲಿ ಎಷ್ಟೋ ಜನರಿಗೆ ಇದು ಗೊತ್ತಿಲ್ಲ. ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ. ದಾರಿ ಶುರುವಾಗುವಲ್ಲಿ ಒಂದು ಫಲಕ ಇದ್ದರೆ ಎಲ್ಲರೂ ಕಲಿಯುತ್ತಾರೆ.

ಹಗ್ಗದ ವಿಷಯ ಇದಕ್ಕಿಂತ ಗಂಭೀರ. ಮೇಲಿಂದ ಇಳಿಯುವ ಮುಂಚೆ ಹಗ್ಗವನ್ನು ಕೆಳಕ್ಕೆ ಎಸೆಯುತ್ತೇವೆ. ಇಳಿದ ಮೇಲೆ ಅದನ್ನು ಎಳೆದುಕೊಳ್ಳುತ್ತೇವೆ. ಅರವತ್ತೋ ಎಪ್ಪತ್ತೋ ಮೀಟರ್ ಹಗ್ಗ ಸರ್ರನೆ ಬಂದು ಬೀಳುತ್ತದೆ. ಕೆಲವು ಸಲ ಅದರ ಜೊತೆ ಕಲ್ಲೂ ಉರುಳುತ್ತದೆ. "ಹಗ್ಗ!" ಅಂತ ಕೂಗುವ ಅಭ್ಯಾಸ ನಮಗಿದೆ. ಆ ಕೂಗು ಬುಡದಲ್ಲಿ ನಿಂತ ಕ್ಲೈಂಬರ್‌ಗೆ ಅರ್ಥವಾಗುತ್ತದೆ, ಕುದುರೆಗೆ ಆಗುವುದಿಲ್ಲ. ಹಾಗಾಗಿ ದಾರಿಯ ಮೇಲೆಯೇ ಚಾಚಿಕೊಂಡಿರುವ ಬಂಡೆಗಳಲ್ಲಿ ಕೆಳಗೆ ಒಬ್ಬರು ಕಾವಲು ನಿಂತು, ಎರಡೂ ಕಡೆ ನೋಡಿ, ಸವಾರರು ದಾಟಿದ ಮೇಲೆಯೇ ಹಗ್ಗ ಬಿಡಬೇಕು ಅಂತ ನಿಯಮ ಮಾಡಿ. ಒಂದೆರಡು ನಿಮಿಷ ಕಾಯುವುದರಿಂದ ನಮಗೆ ಏನೂ ನಷ್ಟ ಇಲ್ಲ. ಈ ನಿಯಮವನ್ನು ನಮ್ಮ ಮೇಲೆ ಹೇರಿ ಅಂತ ನಾನೇ ಕೇಳುತ್ತಿದ್ದೇನೆ. ಜಾಗ ಇರುವಲ್ಲಿ ಕುದುರೆ ದಾರಿಯನ್ನು ಬಂಡೆಯಿಂದ ಸ್ವಲ್ಪ ದೂರಕ್ಕೆ ತಿರುಗಿಸಿದರೆ ಇನ್ನೂ ಒಳ್ಳೆಯದು.

ಗಾಡಿ ನಿಲ್ಲಿಸುವ ಜಾಗದ ಜಗಳ ಎಲ್ಲಕ್ಕಿಂತ ಜಾಸ್ತಿ ಮನಸ್ಸು ಕೆಡಿಸುತ್ತದೆ. ಕಾರು ಮತ್ತು ಅದರ ಹಿಂದೆ ಕಟ್ಟಿ ಕುದುರೆ ಸಾಗಿಸುವ ಟ್ರೈಲರ್ ಸೇರಿದರೆ ಸುಮಾರು ಹತ್ತು ಮೀಟರ್ ಉದ್ದ ಇರುತ್ತದೆ. ಅದು ನಿಂತರೆ ಸಾಲದು. ಹಿಂಬಾಗಿಲನ್ನು ಇಳಿಸಬೇಕು, ಕುದುರೆ ಹಿಮ್ಮುಖವಾಗಿ ಇಳಿಯಬೇಕು. ಆಗ ಅದರ ಹಿಂದೆ ಏನಿದೆ ಅಂತ ಅದಕ್ಕೆ ಕಾಣುವುದಿಲ್ಲ. ಬೆಳಿಗ್ಗೆ ಬೇಗ ಬರುವವರು ನಾವು. ಜಾಗ ಖಾಲಿ ಇದೆಯಲ್ಲ ಅಂತ ಹೇಗೆ ಬೇಕೋ ಹಾಗೆ ಕಾರು ನಿಲ್ಲಿಸಿ ಹೋಗುತ್ತೇವೆ. ಆಮೇಲೆ ಬಂದವರಿಗೆ ಟ್ರೈಲರ್ ತಿರುಗಿಸಲೂ ಆಗುವುದಿಲ್ಲ, ವಾಪಸ್ ಹೋಗಲೂ ಆಗುವುದಿಲ್ಲ. ಅಲ್ಲಿ ಹುಟ್ಟಿದ ಸಿಟ್ಟು ಮೇಲೆ ದಾರಿಯವರೆಗೂ ಬರುತ್ತದೆ. ಟ್ರೈಲರ್‌ಗಳಿಗೆ ಒಂದು ಕಡೆಯಿಂದ ಒಳಬಂದು ಇನ್ನೊಂದು ಕಡೆಯಿಂದ ಹೊರಹೋಗುವ ಹಾಗೆ ಜಾಗ ಗುರುತಿಸಿ, ಅಲ್ಲಿ ಕಾರು ನಿಲ್ಲಿಸಬಾರದು ಅಂತ ಬರೆಸಿ. ಬಣ್ಣ, ನಾಲ್ಕು ಕಂಬ, ಸ್ವಲ್ಪ ಜಲ್ಲಿ ಇದ್ದರೆ ಆಗುವ ಕೆಲಸ ಇದು.

ಕಂಬ ಅಂದಾಗ ಇನ್ನೊಂದು ಮಾತು. ಬೈಕುಗಳು ನುಗ್ಗದಿರಲಿ ಅಂತ ದಾರಿಯ ಬಾಯಲ್ಲಿ ಒತ್ತೊತ್ತಾಗಿ ಕಂಬ ನೆಟ್ಟರೆ ಜೀನು ಹಾಕಿದ ಕುದುರೆಯೂ ಒಳಗೆ ಹೋಗಲಾರದು. ಅಡ್ಡಕ್ಕೆ ತಗ್ಗಾಗಿ ದಿಮ್ಮಿ ಹಾಕಿದರೆ ಕುದುರೆ ದಾಟುತ್ತದೆ, ಬೈಕಿಗೆ ಕಷ್ಟವಾಗುತ್ತದೆ. ಗೇಟಿನ ಚಿಲಕ ಸವಾರರಿಗೆ ಕುಳಿತಲ್ಲಿಂದಲೇ ಎಟುಕುವಂತಿರಲಿ.

ಬೇರೆ ದೇಶಗಳು ಇದನ್ನು ಹೇಗೆ ಮಾಡಿವೆ ಅಂತ ನಿಮ್ಮ ಕಚೇರಿ ನೋಡಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2000ನೇ ಇಸವಿಯ ಕಾನೂನು ಬೆಟ್ಟ, ಬಯಲು, ಕುರುಚಲು ಭೂಮಿಗಳನ್ನು ಜನರಿಗೆ ತೆರೆಯಿತು. ಆದರೆ ಆ ಹಕ್ಕು ಕಾಲ್ನಡಿಗೆಯವರಿಗೆ ಮಾತ್ರ. ಬಂಡೆ ಹತ್ತುವವರು ಒಳಗೆ, ಕುದುರೆ ಸವಾರರು ಹೊರಗೆ. ಸವಾರರು ಇವತ್ತಿಗೂ ತಮಗೆ ಬಿಟ್ಟಿರುವ ದಾರಿಗಳನ್ನೇ ಹಿಡಿದು ಹೋಗಬೇಕು. ಪಕ್ಕದ ಸ್ಕಾಟ್ಲೆಂಡ್ 2003ರಲ್ಲಿ ಬೇರೆ ರೀತಿ ಯೋಚಿಸಿತು. ಮೋಟಾರು ಇಲ್ಲದೆ ಬರುವ ಎಲ್ಲರಿಗೂ, ಕುದುರೆಯವರನ್ನೂ ಸೇರಿಸಿ, ಹೆಚ್ಚಿನ ಭೂಮಿಯಲ್ಲಿ ಓಡಾಡುವ ಹಕ್ಕು ಕೊಟ್ಟಿತು. ಜೊತೆಗೆ ಹೊಣೆಯನ್ನೂ ಕೊಟ್ಟಿತು: ಬೇರೆಯವರ ಹಿತ ನೋಡಿ, ಪರಿಸರ ಕಾಪಾಡಿ, ನಿಮ್ಮ ನಡೆಗೆ ನೀವೇ ಜವಾಬ್ದಾರರು. ನನಗೆ ಸ್ಕಾಟ್ಲೆಂಡಿನ ದಾರಿಯೇ ಸರಿ ಅನ್ನಿಸುತ್ತದೆ. ಯಾರು ಬರುತ್ತಾರೆ ಅಂತ ನೋಡದೆ, ಬಂದವರು ಹೇಗೆ ನಡೆದುಕೊಳ್ಳುತ್ತಾರೆ ಅಂತ ಅದು ನೋಡುತ್ತದೆ.

ಬಾಗಿಲು ಮುಚ್ಚಿಸಿಕೊಳ್ಳುವ ಭಯ ನಮಗೂ ಹೊಸದಲ್ಲ. 2023ರಲ್ಲಿ ಅಮೆರಿಕದ ಎರಡು ಸರ್ಕಾರಿ ಸಂಸ್ಥೆಗಳು, ಕಾಯ್ದಿಟ್ಟ ಕಾಡುಗಳಲ್ಲಿ ಹಗ್ಗ ಸಿಕ್ಕಿಸಲು ಬಂಡೆಗೆ ಹೊಡೆದ ಬೋಲ್ಟುಗಳನ್ನು ನಿಷೇಧಿತ ವಸ್ತು ಅಂತ ಪರಿಗಣಿಸುವ ಪ್ರಸ್ತಾಪ ತಂದಿದ್ದವು. ಜೀವ ಹಿಡಿದಿಡುವ ಬೋಲ್ಟಿಗೇ ಅನುಮತಿ ಕೇಳಬೇಕಾದ ಸ್ಥಿತಿ. ಕ್ಲೈಂಬರ್‌ಗಳು ಪಟ್ಟುಹಿಡಿದು ಎದುರಿಸಿದರು. 2025ರ ಜನವರಿಯಲ್ಲಿ ಸಹಿಯಾದ ಕಾನೂನು ಅಲ್ಲಿ ಬಂಡೆ ಹತ್ತುವುದಕ್ಕೂ ಬೋಲ್ಟಿಗೂ ಜಾಗ ಇದೆ ಎಂದಿತು. ಕಾಗದದ ಮೇಲಿನ ಒಂದು ಸಾಲು ಎಷ್ಟು ಜನರನ್ನು ಹೊರಗೆ ನಿಲ್ಲಿಸಬಲ್ಲದು ಅಂತ ಕಂಡ ನಾವು, ಅದೇ ಸಾಲು ಸವಾರರ ಮೇಲೆ ಬಿದ್ದಾಗ ಸುಮ್ನೆ ಕೂರುವುದು ನ್ಯಾಯವಲ್ಲ.

ಕುದುರೆಯಿಂದ ನೆಲಕ್ಕೆ ಹಾನಿಯೇ ಇಲ್ಲ ಅಂತ ನಾನು ಹೇಳುವುದಿಲ್ಲ. ಅಷ್ಟು ಭಾರದ ಪ್ರಾಣಿ ನಾಲ್ಕು ಗೊರಸಿನ ಮೇಲೆ ನಿಂತಾಗ ಒದ್ದೆ ಮಣ್ಣು ಹೊಂಡ ಬೀಳುತ್ತದೆ, ಆ ಹೊಂಡದಲ್ಲಿ ನೀರು ನಿಂತು ದಾರಿ ಕೊಚ್ಚಿಹೋಗುತ್ತದೆ. ನಾವೂ ಬಂಡೆಯ ಬುಡಕ್ಕೆ ಅಡ್ಡದಾರಿ ಮಾಡಿ ಗಿಡ ತುಳಿಯುತ್ತೇವೆ, ಕೈ ಜಾರದಿರಲಿ ಅಂತ ಹಚ್ಚುವ ಚಾಕ್ ಪುಡಿಯ ಬಿಳಿ ಕಲೆ ಬಿಟ್ಟು ಹೋಗುತ್ತೇವೆ. ಅವರು ಕುದುರೆ ಕಟ್ಟಲು, ನಾವು ಹಗ್ಗ ಬಿಗಿಯಲು ಅದೇ ಮರಗಳನ್ನು ಹುಡುಕುತ್ತೇವೆ. ಬರೀ ಹಗ್ಗ ಉಜ್ಜಿದರೆ ತೊಗಟೆ ಸುಲಿಯುತ್ತದೆ, ಅಗಲ ಪಟ್ಟಿ ಸುತ್ತಿದರೆ ಮರ ಉಳಿಯುತ್ತದೆ. ಎರಡೂ ಗುಂಪಿನ ಅನುಭವಿಗಳು ಈ ಪಟ್ಟಿಯನ್ನು ಚೀಲದಲ್ಲಿ ಇಟ್ಟುಕೊಂಡೇ ಬರುತ್ತಾರೆ.

ಆದ್ದರಿಂದ ನಿರ್ಬಂಧ ಬೇಕಾದರೆ ಅಳತೆ ಮಾಡಿ ಹಾಕಿ. ಗಿಡುಗಗಳು ಗೂಡು ಕಟ್ಟುವ ಕಾಲದಲ್ಲಿ ಎಷ್ಟೋ ಕಡೆ ಬಂಡೆಯ ಆ ಭಾಗವನ್ನಷ್ಟೇ ಮುಚ್ಚುತ್ತಾರೆ, ಮರಿ ಹಾರಿದ ಮೇಲೆ ತೆರೆಯುತ್ತಾರೆ. ಕಾರಣ ಗೊತ್ತಿರುವುದರಿಂದ ನಾವು ಒಪ್ಪಿ ನಡೆಯುತ್ತೇವೆ. ಮಳೆ ಬಿದ್ದು ಮಣ್ಣು ಮೆತ್ತಗಿರುವಾಗ ಕುದುರೆ ದಾರಿ ಮುಚ್ಚಿ, ಒಣಗಿದ ಮೇಲೆ ತೆರೆಯಿರಿ. ಸವಾರರೂ ಒಪ್ಪುತ್ತಾರೆ ಅನ್ನುವ ನಂಬಿಕೆ ನನಗಿದೆ.

ಈ ಜನರನ್ನು ಕಳೆದುಕೊಂಡರೆ ನಿಮ್ಮ ಇಲಾಖೆಗೇ ನಷ್ಟ. ಅಮೆರಿಕದಲ್ಲಿ 1973ರಲ್ಲಿ ಮೊಂಟಾನಾದ ಸವಾರರು ಕಟ್ಟಿದ ಬ್ಯಾಕ್ ಕಂಟ್ರಿ ಹಾರ್ಸ್‌ಮೆನ್ ಸಂಘದವರು ಗಾಡಿ ಹೋಗದ ಕಡೆಗೆ ಗರಗಸ, ಗುದ್ದಲಿ, ಮರದ ದಿಮ್ಮಿಗಳನ್ನು ಹೇಸರಗತ್ತೆಗಳ ಮೇಲೆ ಹೇರಿಕೊಂಡು ಹೋಗಿ ದಾರಿ ರಿಪೇರಿ ಮಾಡುತ್ತಾರೆ. 1991ರಲ್ಲಿ ಶುರುವಾದ ಆಕ್ಸೆಸ್ ಫಂಡ್ ಸಂಸ್ಥೆಯ ಮೂಲಕ ಕ್ಲೈಂಬರ್‌ಗಳು ಬಂಡೆಗೆ ಹೋಗುವ ಕಾಲುದಾರಿಗಳಿಗೆ ಕಲ್ಲಿನ ಮೆಟ್ಟಿಲು ಕೂರಿಸುತ್ತಾರೆ. ಒಬ್ಬರಿಗೆ ಸಾಮಾನು ಸಾಗಿಸುವುದು ಗೊತ್ತು, ಇನ್ನೊಬ್ಬರಿಗೆ ಕಡಿದಾದ ಜಾಗದಲ್ಲಿ ಕಲ್ಲು ಸರಿಸುವುದು ಗೊತ್ತು. ಇಬ್ಬರನ್ನೂ ಒಂದೇ ಶ್ರಮದಾನಕ್ಕೆ ಕರೆದು ನೋಡಿ.

ನನ್ನ ಬೇಡಿಕೆ ಇಷ್ಟೇ. ಆದೇಶಕ್ಕೆ ಸಹಿ ಹಾಕುವ ಮುಂಚೆ ಒಂದು ರಜೆಯ ದಿನ ಬೆಳಿಗ್ಗೆ ನೀವೇ ಆ ಜಾಗಕ್ಕೆ ಬನ್ನಿ. ಸಭೆಯನ್ನು ಕಚೇರಿಯಲ್ಲಿ ಮಾಡದೆ ಅಲ್ಲೇ ಗಾಡಿ ನಿಲ್ಲಿಸುವ ಕಡೆ ಮಾಡಿ. ಸವಾರರು ಟ್ರೈಲರ್‌ನಿಂದ ಕುದುರೆ ಇಳಿಸುವುದನ್ನು ನೋಡಿ, ಆಮೇಲೆ ನಮ್ಮ ಜೊತೆ ಬಂಡೆಯ ಬುಡದವರೆಗೆ ನಡೆದು ಬನ್ನಿ. ದಾರಿಯನ್ನು ಎಲ್ಲಿ ತಿರುಗಿಸಬಹುದು, ಫಲಕ ಎಲ್ಲಿ ನೆಡಬೇಕು ಅಂತ ಅಲ್ಲೇ ನಿಂತು ತೀರ್ಮಾನ ಮಾಡೋಣ. ಎರಡೂ ಕಡೆಯವರನ್ನು ಸೇರಿಸುವ ಕೆಲಸ ನನಗಿರಲಿ. ನೀವು ದಿನಾಂಕ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಬಂಡೆ ಹತ್ತುವವಳೊಬ್ಬಳು