ಮೃಚ್ಛಕಟಿಕವನ್ನು ತೆರೆಗೆ ತರುವ ಯುವ ಬರಹಗಾರರಿಗೆ

ಪ್ರಿಯ ಮಿತ್ರರೇ,

ನೀವು ಕಳುಹಿಸಿದ ‘ಮೃಚ್ಛಕಟಿಕ’ದ ಚಿತ್ರಕಥೆಯ ಕರಡನ್ನು ಶೂದ್ರಕನ ಮೂಲ ಸಂಸ್ಕೃತ ನಾಟಕದ ಜೊತೆಗಿಟ್ಟುಕೊಂಡು ಓದಿದೆ. ರಾಜರು ಮತ್ತು ದೇವತೆಗಳು ತುಂಬಿರುವ ನಮ್ಮ ಐತಿಹಾಸಿಕ ಚಿತ್ರಗಳ ನಡುವೆ, ದಾನ ಮಾಡಿ ಬರಿಗೈಯಾದ ಬ್ರಾಹ್ಮಣ ವರ್ತಕ ಚಾರುದತ್ತ, ಅವನನ್ನು ಮೆಚ್ಚಿದ ಗಣಿಕೆ ವಸಂತಸೇನೆ, ಜೂಜಿನಲ್ಲಿ ಸೋತು ಬೌದ್ಧ ಭಿಕ್ಷುವಾಗುವ ಅಂಗಮರ್ದಕ, ಶಾಸ್ತ್ರೋಕ್ತವಾಗಿ ಕನ್ನ ಹಾಕುವ ಕಳ್ಳ, ಇಂಥವರ ಕಥೆಯನ್ನು ನೀವು ಆರಿಸಿಕೊಂಡದ್ದೇ ನನಗೆ ಸಂತೋಷ. ಆದರೆ ಕರಡು ಓದುತ್ತ ಹೋದಂತೆ, ಶೂದ್ರಕನ ಉಜ್ಜಯಿನಿ ನಿಮ್ಮ ಕೈಯಲ್ಲಿ ಒಂದು ವಸ್ತುಸಂಗ್ರಹಾಲಯವಾಗುತ್ತಿದೆ ಎಂಬ ಆತಂಕವೂ ಬೆಳೆಯಿತು. ಅದನ್ನು ಹೇಳುವುದಕ್ಕಾಗಿಯೇ ಈ ಪತ್ರ.

ನಿಮ್ಮ ಮೊದಲ ದೃಶ್ಯದಲ್ಲಿ ಆನೆಗಳ ಸಾಲಿದೆ, ಕೋಟೆಬಾಗಿಲಿದೆ, ಕಹಳೆಯಿದೆ, ಹಿನ್ನೆಲೆಯಲ್ಲಿ ‘ಸಹಸ್ರಾರು ವರ್ಷಗಳ ಹಿಂದೆ’ ಎನ್ನುವ ಗಂಭೀರ ಧ್ವನಿಯಿದೆ. ನಾಟಕ ಹೇಗೆ ಶುರುವಾಗುತ್ತದೆ ಎಂಬುದನ್ನು ಮತ್ತೊಮ್ಮೆ ನೋಡಿ. ಬಹಳ ಹೊತ್ತು ಸಂಗೀತದ ಅಭ್ಯಾಸ ಮಾಡಿ ಹಸಿದು ಮನೆಗೆ ಬಂದ ಸೂತ್ರಧಾರನಿಗೆ ಬೀದಿಯಲ್ಲಿ ಅಕ್ಕಿ ತೊಳೆದ ನೀರು ಹರಿಯುತ್ತಿರುವುದು ಕಾಣುತ್ತದೆ. ಕಬ್ಬಿಣದ ಕಡಾಯಿಯನ್ನು ಎಳೆದಾಡಿದ್ದರಿಂದ ನೆಲದ ತುಂಬ ಕರಿಯ ಗುರುತುಗಳು. ಇವತ್ತು ಏನು ವಿಶೇಷವೆಂದು ಕೇಳಿದರೆ, ಮುಂದಿನ ಜನ್ಮದಲ್ಲಿ ರೂಪವಂತ ಗಂಡ ಸಿಗಲಿ ಎಂದು ವ್ರತ ಹಿಡಿದಿದ್ದೇನೆ ಎನ್ನುತ್ತಾಳೆ ಹೆಂಡತಿ. ಪ್ರೇಕ್ಷಕರನ್ನು ಆ ಕಾಲದೊಳಗೆ ಕರೆದೊಯ್ಯಲು ಆ ಗಂಜಿನೀರಿನ ಬೀದಿ ಸಾಕು. ಅಲ್ಲಿ ಬದುಕುವವರಿಗೆ ತಾವು ಪ್ರಾಚೀನರು ಎಂಬ ಅರಿವಿಲ್ಲ. ನಿಮ್ಮ ಕ್ಯಾಮೆರಾಕ್ಕೂ ಅದು ಇರಬಾರದು. ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟೇ, ಉಳಿದದ್ದೆಲ್ಲ ಇದರ ವಿವರಣೆ.

ಮೂರನೆಯ ಅಂಕದ ಕಳ್ಳತನವನ್ನು ನೀವು ಅರ್ಧ ಪುಟದಲ್ಲಿ ಮುಗಿಸಿದ್ದೀರಿ: ಶರ್ವಿಲಕ ಗೋಡೆ ಒಡೆದು ಒಳಬಂದು ಒಡವೆಯ ಪೆಟ್ಟಿಗೆಯನ್ನು ಕದ್ದು ಹೋಗುತ್ತಾನೆ. ಶೂದ್ರಕ ಇಲ್ಲಿ ಎಷ್ಟು ನಿಧಾನಿಸಿದ್ದಾನೆ ಗಮನಿಸಿ. ದಿನವೂ ಸೂರ್ಯನಿಗೆ ಅರ್ಘ್ಯ ಬಿಟ್ಟು ಬಿಟ್ಟು ನೆನೆದು, ಉಪ್ಪು ತಿಂದು ಸಡಿಲವಾದ, ಇಲಿಗಳು ಮಣ್ಣು ತೋಡಿ ಹಾಕಿದ ಜಾಗವನ್ನು ಕಳ್ಳ ಕೈಯಿಂದ ತಡವಿ ಹುಡುಕುತ್ತಾನೆ. ಸುಟ್ಟ ಇಟ್ಟಿಗೆಯಾದರೆ ಎಳೆಯಬೇಕು, ಹಸಿ ಇಟ್ಟಿಗೆಯಾದರೆ ಕತ್ತರಿಸಬೇಕು, ಮಣ್ಣಿನ ಗೋಡೆಯಾದರೆ ನೀರು ಹಾಕಿ ನೆನೆಸಬೇಕು, ಮರವಾದರೆ ಸೀಳಬೇಕು ಎಂದು ಗುರುಮುಖದಿಂದ ಕಲಿತ ಪಾಠವನ್ನು ಒಪ್ಪಿಸುತ್ತಾನೆ. ಕನ್ನ ಯಾವ ಆಕಾರದಲ್ಲಿರಬೇಕು ಎಂಬ ಜಿಜ್ಞಾಸೆ ಆಮೇಲಿನದು: ಅರಳಿದ ತಾವರೆಯೋ, ಎಳೆಚಂದ್ರನೋ, ಸ್ವಸ್ತಿಕವೋ? ಸುಟ್ಟ ಇಟ್ಟಿಗೆಗೆ ಪೂರ್ಣಕುಂಭವೇ ಒಪ್ಪುತ್ತದೆ ಎಂದು ತೀರ್ಮಾನಿಸುತ್ತಾನೆ. ಅಳತೆಯ ದಾರ ಮರೆತು ಬಂದದ್ದರಿಂದ ಜನಿವಾರದಿಂದಲೇ ಅಳೆಯುತ್ತಾನೆ. ಬ್ರಾಹ್ಮಣನಿಗೆ ಇದೆಷ್ಟು ಉಪಯೋಗದ ವಸ್ತು ಎಂದು ಮೆಚ್ಚಿಕೊಳ್ಳುತ್ತಾನೆ. ಅಷ್ಟರಲ್ಲಿ ಬೆರಳಿಗೆ ಹಾವು ಕಚ್ಚಿದರೆ ಅದೇ ಜನಿವಾರವನ್ನು ಬಿಗಿದು ಕಟ್ಟುತ್ತಾನೆ.

ಈ ಒಂದು ದೃಶ್ಯದಲ್ಲಿ ನಿಮ್ಮ ಕಲಾ ನಿರ್ದೇಶಕರಿಗೆ ಬೇಕಾದ ಎಲ್ಲವೂ ಇದೆ. ಚಾರುದತ್ತನ ಮನೆಯ ಗೋಡೆ ಸುಟ್ಟ ಇಟ್ಟಿಗೆಯದು, ಅಂದರೆ ಒಂದು ಕಾಲದಲ್ಲಿ ಅನುಕೂಲಸ್ಥರ ಮನೆ. ಅದು ಉಪ್ಪು ಹಿಡಿದು ಸವೆದಿದೆ, ಅಂದರೆ ಈಗ ದುರಸ್ತಿಗೆ ಹಣವಿಲ್ಲ. ಅವನ ಬಡತನದ ಬಗ್ಗೆ ನೀವು ಬರೆದಿರುವ ಎರಡು ಪುಟಗಳ ಸಂಭಾಷಣೆಯನ್ನು ಆ ಗೋಡೆಯೊಂದೇ ಹೇಳಿ ಮುಗಿಸುತ್ತದೆ. ಪಠ್ಯನಿಷ್ಠೆಯೆಂದರೆ ಶ್ಲೋಕಗಳನ್ನು ಹಿನ್ನೆಲೆಯಲ್ಲಿ ಹಾಡಿಸುವುದೆಂದು ತಿಳಿದವರು ಬಹಳ ಮಂದಿಯಿದ್ದಾರೆ. ನನ್ನ ಮಟ್ಟಿಗೆ ಇಟ್ಟಿಗೆಯನ್ನು ಸರಿಯಾಗಿ ಎಳೆಯುವುದೂ ಪಠ್ಯನಿಷ್ಠೆಯೇ.

ವಸಂತಸೇನೆಯ ಎಂಟು ಅಂಗಳಗಳ ಮನೆಯ ವಿಷಯದಲ್ಲಿ ಮಾತ್ರ ಎಚ್ಚರ. ನಾಲ್ಕನೆಯ ಅಂಕದ ಆ ದೀರ್ಘ ವರ್ಣನೆಯನ್ನು ಕಂಡರೆ ಯಾವ ನಿರ್ಮಾಪಕನಿಗೂ ದೊಡ್ಡ ಸೆಟ್ ಹಾಕುವ ಆಸೆ ಹುಟ್ಟುತ್ತದೆ. ಆದರೆ ಅದನ್ನೆಲ್ಲ ನೋಡುತ್ತಿರುವವನು ಚಾರುದತ್ತನ ಗೆಳೆಯ ಮೈತ್ರೇಯ. ಒಳ್ಳೆಯ ಊಟ ಕಂಡು ಬಹಳ ಕಾಲವಾದ ವಿದೂಷಕ. ಬಾಗಿಲಲ್ಲಿ ಇಟ್ಟ ಮೊಸರನ್ನದ ಬಲಿಯನ್ನು ಸುಣ್ಣದ ಗಾರೆಯೆಂದು ತಿಳಿದು ಕಾಗೆಗಳು ಮುಟ್ಟುತ್ತಿಲ್ಲ ಎಂಬುದು ಕಾಣುವುದು ಅವನಿಗೇ. ಅಡುಗೆಮನೆಯ ಇಂಗು ಮತ್ತು ಎಣ್ಣೆಯ ವಾಸನೆ ಮೂಗಿಗೆ ಬಡಿದರೂ, ಕೈಕಾಲು ತೊಳೆದುಕೊಳ್ಳಿ ಎಂದು ಯಾರಾದರೂ ಕರೆದಾರೆಯೇ ಎಂದು ಕಾಯುವವನೂ ಅವನೇ. ಆ ಮನೆಯನ್ನು ಅವನ ಕಣ್ಣಿನಿಂದ, ಅವನ ನಡಿಗೆಯ ವೇಗದಲ್ಲಿ ತೋರಿಸಿ. ಕ್ರೇನ್ ಮೇಲೆ ಕ್ಯಾಮೆರಾ ಏರಿದ ಕ್ಷಣದಲ್ಲೇ ಅದು ಯಾರ ಮನೆಯೂ ಅಲ್ಲದ ಅರಮನೆಯಾಗುತ್ತದೆ.

ಸಣ್ಣ ವಿಷಯಗಳನ್ನು ಬೇಗ ಹೇಳಿಬಿಡುತ್ತೇನೆ. ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡೆ ಮೂಲತಃ ಅಮೆರಿಕ ಖಂಡದವು. 1498ರಲ್ಲಿ ಪೋರ್ಚುಗೀಸರು ಕಲ್ಲಿಕೋಟೆಗೆ ಬಂದ ಮೇಲಷ್ಟೇ ನಮಗೆ ಪರಿಚಯವಾದವು. ಐತಿಹಾಸಿಕ ಚಿತ್ರಗಳ ಕಂಬ ಕಂಬಕ್ಕೂ ಸುತ್ತುವ ಚೆಂಡು ಹೂವೂ ಅಲ್ಲಿಂದಲೇ ಬಂದದ್ದು. ನಾಟಕದಲ್ಲೇ ಹೂಗಳಿವೆಯಲ್ಲ: ಮೊದಲ ಅಂಕದಲ್ಲಿ ಚಾರುದತ್ತನ ಹೊದಿಕೆಗೆ ಜಾಜಿಯ ಕಂಪು, ಹತ್ತನೆಯದರಲ್ಲಿ ಅವನನ್ನು ವಧಾಸ್ಥಾನಕ್ಕೆ ಕರೆದೊಯ್ಯುವಾಗ ಕೊರಳಿಗೆ ಕಣಗಿಲೆಯ ಮಾಲೆ. ಇವೆರಡನ್ನು ಬಿಟ್ಟು ಬೇರೆ ಹೂವಿನ ಗೊಡವೆಯೇ ಬೇಡ.

ಭಾಷೆಯ ಪ್ರಶ್ನೆ ಇಷ್ಟು ಸುಲಭವಲ್ಲ. ನಿಮ್ಮ ಕರಡಿನಲ್ಲಿ ನ್ಯಾಯಾಧೀಶನಿಂದ ಚಂಡಾಲನವರೆಗೆ ಎಲ್ಲರೂ ಒಂದೇ ಬಗೆಯ ಕಂಪನಿ ನಾಟಕದ ಕನ್ನಡವನ್ನಾಡುತ್ತಾರೆ. ಸಂಸ್ಕೃತದ ಜೊತೆಗೆ ಇಷ್ಟು ಬಗೆಯ ಪ್ರಾಕೃತಗಳು ಒಟ್ಟಿಗೆ ಕೇಳಿಬರುವ ಇನ್ನೊಂದು ಸಂಸ್ಕೃತ ನಾಟಕ ಸಿಗುವುದು ಕಷ್ಟ. ಕನ್ನಡದಲ್ಲಿ ಧಾರವಾಡ, ಕುಂದಾಪುರ, ಮಂಡ್ಯ, ಕಲಬುರಗಿಯ ಮಾತುಗಳಿರುವಾಗ ನೀವೇಕೆ ಒಂದೇ ಸ್ವರಕ್ಕೆ ಜೋತುಬೀಳಬೇಕು? ಆದರೆ ಪ್ರಾದೇಶಿಕ ಮಾತೆಂದರೆ ನಗೆಪಾಟಲಿಗೆ ಎಂಬ ನಮ್ಮ ಸಿನಿಮಾದ ಹಳೆಯ ಚಾಳಿಯನ್ನು ಮಾತ್ರ ದಯವಿಟ್ಟು ತರಬೇಡಿ. ನ್ಯಾಯಾಧೀಶನೂ ಒಂದು ಊರಿನ ಕನ್ನಡವನ್ನೇ ಆಡಲಿ.

ರಾಜನ ಮೈದುನ ಶಕಾರನ ಮಾತು ಬೇರೆಯೇ. ಸಕಾರವೆಲ್ಲ ಅವನ ಬಾಯಲ್ಲಿ ಶಕಾರ. ರಾವಣನ ಕೈಗೆ ಸಿಕ್ಕ ಕುಂತಿಯಂತೆ ನೀನು ನನ್ನ ವಶವಾದೆ ಎಂದು ವಸಂತಸೇನೆಗೆ ಹೇಳುತ್ತಾನೆ. ಹನುಮಂತ ಸುಭದ್ರೆಯನ್ನು ಎತ್ತಿಕೊಂಡು ಹೋದ ಹಾಗೆ ನಿನ್ನನ್ನು ಒಯ್ಯುತ್ತೇನೆ ಎನ್ನುತ್ತಾನೆ. ಪ್ರೇಕ್ಷಕರು ನಗಲಿ, ಚೆನ್ನಾಗಿಯೇ ನಗಲಿ. ಅದೇ ಮನುಷ್ಯ ಎಂಟನೆಯ ಅಂಕದಲ್ಲಿ, ಸೇವಕನೂ, ಜೊತೆಗಾರನಾದ ವಿಟನೂ ಒಲ್ಲೆನೆಂದ ಕೆಲಸವನ್ನು ಮಾಡಲು ಅವರಿಬ್ಬರನ್ನೂ ಆಚೆ ಕಳಿಸಿ, ತನ್ನ ಕೈಯಿಂದಲೇ ವಸಂತಸೇನೆಯ ಕತ್ತು ಹಿಸುಕಿ, ಸತ್ತಳೆಂದು ತಿಳಿದು ಒಣಗಿದ ಎಲೆಗಳಿಂದ ಮುಚ್ಚುತ್ತಾನೆ. ನೀವು ಅಲ್ಲಿ ಹಿನ್ನೆಲೆ ಸಂಗೀತ ಬದಲಾಗುತ್ತದೆ ಎಂದು ಬರೆದಿದ್ದೀರಿ. ಬದಲಾಗಬಾರದು. ಆತ ಅಲ್ಲೂ ತಪ್ಪು ಪುರಾಣವನ್ನೇ ಹೇಳುತ್ತಿರಲಿ. ಅಲ್ಲಿಯವರೆಗೆ ನಕ್ಕವರಿಗೆ ತಾವು ನಕ್ಕದ್ದು ಯಾವುದಕ್ಕೆ ಎಂದು ಆಗ ತಿಳಿಯುತ್ತದೆ.

ಚಾರುದತ್ತನ ಹೆಂಡತಿ ಧೂತೆಯನ್ನು ನೀವು ಪೂರ್ತಿಯಾಗಿ ಕೈಬಿಟ್ಟಿದ್ದೀರಿ. ಇಂದಿನ ಪ್ರೇಕ್ಷಕರಿಗೆ ಈ ತ್ರಿಕೋನ ಮುಜುಗರವೆನಿಸುತ್ತದೆ ಎಂಬ ನಿಮ್ಮ ಕಾರಣ ಅರ್ಥವಾಗುತ್ತದೆ, ಆದರೆ ಒಪ್ಪುವುದಿಲ್ಲ. ವಸಂತಸೇನೆ ನಂಬಿ ನ್ಯಾಸವಾಗಿ ಇಟ್ಟ ಒಡವೆ ಕಳುವಾದಾಗ, ತವರಿನಿಂದ ಬಂದ ತನ್ನ ರತ್ನಹಾರವನ್ನು ಆಕೆ ಗಂಡನಿಗೆ ನೇರವಾಗಿ ಕೊಡುವುದಿಲ್ಲ. ಅವನ ಅಭಿಮಾನಕ್ಕೆ ಪೆಟ್ಟಾಗಬಾರದೆಂದು, ವ್ರತದ ದಾನವೆಂಬ ನೆಪ ಹೂಡಿ ಮೈತ್ರೇಯನ ಕೈಗೆ ಕೊಡುತ್ತಾಳೆ. ಮುಂದೆ ವಸಂತಸೇನೆ, ಕಳುವಾದ ಒಡವೆಗೆ ಬದಲಾಗಿ ತನ್ನ ಕೈಸೇರಿದ ಅದನ್ನು ತಂಗಿಯ ಸ್ಥಾನದಲ್ಲಿ ನಿಂತು ಹಿಂದಿರುಗಿಸಿದರೆ ತೆಗೆದುಕೊಳ್ಳುವುದೂ ಇಲ್ಲ. ಇಬ್ಬರೂ ಮುಖಾಮುಖಿಯಾಗುವುದು ಕೊನೆಯಲ್ಲಿ ಮಾತ್ರ. ಅಲ್ಲಿಯವರೆಗೆ ಅವರ ನಡುವೆ ಓಡಾಡುವುದು ಆ ಹಾರವೊಂದೇ. ಸಿನಿಮಾಕ್ಕೆಂದೇ ಬರೆದಂತಿರುವ ಇದನ್ನು ಬಿಟ್ಟು ನೀವು ನಾಲ್ಕು ಹಾಡುಗಳನ್ನು ಇಟ್ಟುಕೊಂಡಿದ್ದೀರಿ.

ಬದಲಾಯಿಸಲೇಬಾರದು ಎನ್ನುವವನು ನಾನಲ್ಲ. ಗಿರೀಶ ಕಾರ್ನಾಡರು 1984ರಲ್ಲಿ ಇದೇ ಕಥೆಯನ್ನು ಹಿಂದಿಯಲ್ಲಿ ‘ಉತ್ಸವ್’ ಎಂದು ನಿರ್ದೇಶಿಸಿದಾಗ, ನಾಟಕದಲ್ಲಿಲ್ಲದ, ‘ಕಾಮಸೂತ್ರ’ದ ಕರ್ತೃ ವಾತ್ಸ್ಯಾಯನನನ್ನು ತಂದರು. ರೇಖಾ ವಸಂತಸೇನೆಯಾದರು, ನಿರ್ಮಾಪಕ ಶಶಿ ಕಪೂರ್ ತಾವೇ ಶಕಾರನಾದರು, ಕಳ್ಳನ ಪಾತ್ರ ನಮ್ಮ ಶಂಕರ್ ನಾಗ್ ಅವರದು. ವಾತ್ಸ್ಯಾಯನ ಬಂದದ್ದರಿಂದ ಚಿತ್ರಕ್ಕೆ ಚುರುಕಾದ ಹಾಸ್ಯದ ಚೌಕಟ್ಟು ದೊರೆತದ್ದು ನಿಜ. ಆದರೆ ಊರನ್ನು ಅಧ್ಯಯನ ಮಾಡುವ ಪಂಡಿತನ ಕಣ್ಣಿನಿಂದ ನೋಡಿದಾಗ ಆ ಊರು ತುಸು ಪ್ರದರ್ಶನದ ವಸ್ತುವಾಗುತ್ತದೆ ಎಂಬುದು ನನ್ನ ತಕರಾರು. ನೀವು ಹೊಸ ಪಾತ್ರ ತರುವುದಾದರೆ ಊರೊಳಗಿನವನನ್ನೇ ತನ್ನಿ.

ಕೊನೆಯದಾಗಿ ರಾಜ ಪಾಲಕ. ನೀವು ಅವನಿಗೊಂದು ಭರ್ಜರಿ ಆಸ್ಥಾನ ಕಟ್ಟಿಸಿದ್ದೀರಿ, ದನಗಾಹಿ ಆರ್ಯಕನ ದಂಗೆಯನ್ನು ಮಾತ್ರ ಒಂದು ವಾಕ್ಯಕ್ಕೆ ಇಳಿಸಿದ್ದೀರಿ. ನಾಟಕದಲ್ಲಿ ಇದು ತಿರುಗುಮುರುಗು. ಪಾಲಕ ರಂಗದ ಮೇಲೆ ಒಮ್ಮೆಯೂ ಬರುವುದಿಲ್ಲ. ವಸಂತಸೇನೆಯನ್ನು ಕೊಂದನೆಂಬ ಆರೋಪ ಚಾರುದತ್ತನ ಮೇಲೆ ಬಂದಾಗ, ಬ್ರಾಹ್ಮಣನನ್ನು ಕೊಲ್ಲಬಾರದು, ಗಡೀಪಾರು ಮಾಡಬಹುದು ಎಂದು ನ್ಯಾಯಾಧೀಶ ಮನುವಿನ ಮಾತನ್ನು ಎತ್ತಿ ಹೇಳಿ ಕಳಿಸಿದರೆ, ಶೂಲಕ್ಕೇರಿಸಿ ಎಂಬ ಆಜ್ಞೆ ಮಾತ್ರ ಹಿಂದಿರುಗಿ ಬರುತ್ತದೆ. ಮುಖವಿಲ್ಲದ ಆ ಆಜ್ಞೆಗೆ ಇರುವ ಭಯ ಯಾವ ಸಿಂಹಾಸನಕ್ಕೂ ಇಲ್ಲ. ಆಸ್ಥಾನದ ಸೆಟ್ ತೆಗೆದುಹಾಕಿ, ಆ ಹಣವನ್ನು ಐದನೆಯ ಅಂಕದ ಮಳೆಗೆ ಎತ್ತಿಡಿ; ರಾತ್ರಿ ಚಿತ್ರೀಕರಣ, ನೀರಿನ ಟ್ಯಾಂಕರುಗಳು, ಗುಡುಗಿನ ನಡುವೆ ನೆನೆದು ಬರುವ ವಸಂತಸೇನೆ, ಇದಕ್ಕೆಲ್ಲ ನಿಮ್ಮ ಅಂದಾಜುಪಟ್ಟಿಯಲ್ಲಿ ಬರೆದಿರುವ ಮೊತ್ತ ಸಾಲದು. ಆರ್ಯಕನ ಎಳೆಯನ್ನು ಸೇರಿಸಿ ಆರನೆಯ ಮತ್ತು ಒಂಬತ್ತನೆಯ ಅಂಕಗಳನ್ನು ಮೊದಲು ತಿದ್ದಿ ಕಳುಹಿಸಿ. ಉಳಿದವನ್ನು ಅವುಗಳನ್ನು ನೋಡಿದ ಮೇಲೆ ಚರ್ಚಿಸೋಣ.

ವಿಶ್ವಾಸದೊಂದಿಗೆ,
ನಿಮ್ಮ ಹಿರಿಯ ಮಿತ್ರ