ಮಗು ಬಾಯಿಬಿಟ್ಟ ಮೇಲೆ ನಾವೇನು ಮಾಡುತ್ತೇವೆ?

ಮಾನ್ಯ ಸಂಪಾದಕರೇ,

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಸುದ್ದಿ ಓದಿದಾಗ ಅಪರಾಧಿಗೆ ಎಷ್ಟು ವರ್ಷ ಶಿಕ್ಷೆಯಾಯಿತು ಎಂದು ನೋಡುತ್ತೇವೆ. ಆ ಮಗು ಈಗ ಹೇಗಿದೆ ಎಂದು ವಿಚಾರಿಸುವವರು ಕಡಿಮೆ.

ಇಂಥ ಮಕ್ಕಳಲ್ಲಿ ಹಲವರನ್ನು ಪಿಟಿಎಸ್‌ಡಿ, ಅಂದರೆ ಆಘಾತದ ನಂತರದ ಒತ್ತಡದ ಕಾಯಿಲೆ, ದೊಡ್ಡವರಾದ ಮೇಲೂ ಬಿಡುವುದಿಲ್ಲ. ಕೆಟ್ಟ ಕನಸು, ಸಣ್ಣ ಸದ್ದಿಗೂ ಬೆಚ್ಚುವುದು. ಆ ಮನುಷ್ಯ ಹಚ್ಚುತ್ತಿದ್ದ ತಲೆಎಣ್ಣೆಯ ವಾಸನೆ ಬಸ್ಸಿನಲ್ಲಿ ಮೂಗಿಗೆ ಬಡಿದರೂ ಸಾಕು, ಕೈಕಾಲು ತಣ್ಣಗಾಗಿಬಿಡುತ್ತದೆ.

ಎಲ್ಲರಿಗೂ ಹೀಗಾಗುವುದಿಲ್ಲ. ದೌರ್ಜನ್ಯ ಪದೇ ಪದೇ ನಡೆದಿದ್ದರೆ, ಹಿಂಸೆ ಸೇರಿದ್ದರೆ, ಮಾಡಿದವರು ಮನೆಯವರೇ ಆಗಿದ್ದರೆ ಅಪಾಯ ಜಾಸ್ತಿ. ಕೇಂದ್ರ ಸರ್ಕಾರದ 2007ರ ಅಧ್ಯಯನದಲ್ಲೂ ದೌರ್ಜನ್ಯ ಎಸಗಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರೇ. ಇದೆಲ್ಲ ನಡೆದುಹೋದದ್ದು, ಬದಲಿಸಲಾಗದು.

ಆದರೆ ಮಗು ಬಾಯಿಬಿಟ್ಟ ಮೇಲೆ ಆಗುವುದು ನಮ್ಮ ಕೈಯಲ್ಲೇ ಇದೆ ಅಲ್ವಾ? "ಮೊದಲೇ ಯಾಕೆ ಹೇಳಲಿಲ್ಲ?", "ನೀನ್ಯಾಕೆ ಅಲ್ಲಿಗೆ ಹೋದೆ?", "ಸುಮ್ನಿರು, ಮನೆ ಮರ್ಯಾದೆ ಹೋಗುತ್ತೆ". ಹೆತ್ತವರೇ ನಂಬದಿದ್ದಾಗ ತಪ್ಪೆಲ್ಲ ತನ್ನದೇ ಎಂದು ಮಗು ಅಂದುಕೊಳ್ಳುತ್ತದೆ. ಈ ಭಾವನೆ ಬೇರೂರಿದಷ್ಟೂ ಕಾಯಿಲೆ ಬಲಿಯುತ್ತದೆ. ಬೆನ್ನಿಗೆ ನಿಲ್ಲುವ ಒಬ್ಬ ಹಿರಿಯರಿದ್ದರೂ ಚೇತರಿಕೆಗೆ ದೊಡ್ಡ ಬಲ.

ಆಮೇಲೆ ಠಾಣೆ, ಆಸ್ಪತ್ರೆ, ಕೋರ್ಟು. ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು, ಸಾಕ್ಷಿ ಹೇಳುವಾಗ ಆರೋಪಿ ಮಗುವಿನ ಎದುರಿಗಿರಬಾರದು, ಮಗುವನ್ನು ಮತ್ತೆ ಮತ್ತೆ ಕರೆಸಬಾರದು ಎನ್ನುತ್ತದೆ 2012ರ ಪೋಕ್ಸೊ ಕಾಯ್ದೆ. ಸಾಧ್ಯವಾದಷ್ಟು ಒಂದು ವರ್ಷದಲ್ಲಿ ವಿಚಾರಣೆ ಮುಗಿಯಬೇಕು. ಹೇಳಲೇಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಬಂದ ಮಗುವನ್ನು "ಮುಂದಿನ ತಾರೀಕಿಗೆ ಬನ್ನಿ" ಎಂದು ವಾಪಸ್ ಕಳಿಸಿದರೆ, ಅದು ಅಷ್ಟೂ ದಿನ ಆ ಘಟನೆಯನ್ನೇ ನೆನಪಿಟ್ಟುಕೊಂಡು ಕಾಯಬೇಕು. ಮರೆಯಲೂ ಬಿಡದ ಶಿಕ್ಷೆ ಇದು.

ಮಗುವಿನ ಜೊತೆ ಕೊನೆತನಕ ಇರಲೆಂದೇ ಇದೇ ಕಾಯ್ದೆಯ 2020ರ ನಿಯಮಗಳಲ್ಲಿ 'ಬೆಂಬಲ ವ್ಯಕ್ತಿ'ಗೆ ಅವಕಾಶವಿದೆ. ಈ ನೆರವು ಇದೆ ಎಂದು ಎಲ್ಲ ಪ್ರಕರಣಗಳಲ್ಲೂ ತಿಳಿಸಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಜಿಲ್ಲೆಗಳ ಮಕ್ಕಳ ಕಲ್ಯಾಣ ಸಮಿತಿಗಳು ಮೊದಲ ದಿನವೇ ಇದನ್ನು ಮಾಡಲಿ. ಎಲ್ಲರಿಗೂ ಬೆಂಗಳೂರಿನ ನಿಮ್ಹಾನ್ಸ್‌ಗೆ ಬರಲಾಗದು. ಮಕ್ಕಳ ಆಘಾತಕ್ಕೆ ಚಿಕಿತ್ಸೆ ಕೊಡಬಲ್ಲ ಆಪ್ತಸಮಾಲೋಚಕರು ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಬೇಕು.

ಪತ್ರಿಕೆಗೂ ಒಂದು ಕೋರಿಕೆ. ಮಗುವಿನ ಗುರುತು ಸಿಗುವಂತೆ ಓಣಿ, ಶಾಲೆಯ ವಿವರ ಬರೆಯಬೇಡಿ. ಆ ಜಾಗದಲ್ಲಿ ಮಕ್ಕಳ ಸಹಾಯವಾಣಿ 1098 ಎಂದು ಹಾಕಿ.

ಒಬ್ಬ ನಿವೃತ್ತ ಶಿಕ್ಷಕಿ, ಹಾಸನ